ಫೀಸು ಕಟ್ಟಿದವರು ಯಾರು? ಇಂಜಿನಿಯರಿಂಗ್ ವಿದ್ಯಾರ್ಥಿವೇತನಗಳ ಇತಿಹಾಸದ ಮೇಲೊಂದು ನೋಟ

ಇಂಜಿನಿಯರ್ ಎಂದೊಡನೆ ಕನ್ನಡಿಗರ ನೆನಪಿಗೆ ಬರುವ ಮೊದಲ ಹೆಸರು ಸರ್ ಎಂ. ವಿಶ್ವೇಶ್ವರಯ್ಯನವರದು. ಕನ್ನಂಬಾಡಿ ಕಟ್ಟೆ, ಭದ್ರಾವತಿ ಕಾರ್ಖಾನೆ, ಮೈಸೂರು ವಿಶ್ವವಿದ್ಯಾನಿಲಯ ಇವನ್ನೆಲ್ಲ ನಮ್ಮ ಮಕ್ಕಳು ಪಠ್ಯಪುಸ್ತಕದಲ್ಲಿ ಓದಿ ಬಾಯಿಪಾಠ ಮಾಡಿರುತ್ತಾರೆ. ಆದರೆ ಅವರು ಇಂಜಿನಿಯರಿಂಗ್ ಓದಲು ಹಣ ಎಲ್ಲಿಂದ ಬಂತು ಎಂದು ಕೇಳಿದರೆ ಉತ್ತರ ಹೇಳಬಲ್ಲವರು ವಿರಳ.

ವಿಶ್ವೇಶ್ವರಯ್ಯನವರು ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡವರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಮನೆಪಾಠ ಹೇಳಿ ಖರ್ಚು ನೀಗಿಸಿಕೊಂಡರು. 1881ರಲ್ಲಿ ಬಿ.ಎ. ಮುಗಿಯಿತು. ಮುಂದೆ ಓದುವ ಆಸೆಯಿತ್ತು, ಕೈಯಲ್ಲಿ ಕಾಸಿರಲಿಲ್ಲ. ಆಗ ದಿವಾನ್ ರಂಗಾಚಾರ್ಲು ಅವರ ಕಾಲದ ಮೈಸೂರು ಸರ್ಕಾರ ಅವರಿಗೆ ವಿದ್ಯಾರ್ಥಿವೇತನ ಮಂಜೂರು ಮಾಡಿ ಪುಣೆಯ ಸೈನ್ಸ್ ಕಾಲೇಜಿಗೆ ಕಳುಹಿಸಿತು. 1883ರಲ್ಲಿ ಅವರು ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದರು. ಸ್ವಾರಸ್ಯವೆಂದರೆ, ಹಣ ಕೊಟ್ಟ ಮೈಸೂರಿಗೆ ಆ ಇಂಜಿನಿಯರ್ ಕೂಡಲೇ ದಕ್ಕಲಿಲ್ಲ. 1884ರಲ್ಲಿ ಅವರು ಸೇರಿದ್ದು ಬೊಂಬಾಯಿ ಸರ್ಕಾರದ ಲೋಕೋಪಯೋಗಿ ಇಲಾಖೆಗೆ. ಮೈಸೂರಿಗೆ ಮುಖ್ಯ ಇಂಜಿನಿಯರ್ ಆಗಿ ಬಂದದ್ದು 1909ರಲ್ಲಿ, ಇಪ್ಪತ್ತೈದು ವರ್ಷಗಳ ನಂತರ. ಇಂದಿನ ಲೆಕ್ಕಪರಿಶೋಧಕರ ಕೈಗೆ ಆ ಕಡತ ಸಿಕ್ಕಿದ್ದರೆ 'ನಿಷ್ಪ್ರಯೋಜಕ ವೆಚ್ಚ' ಎಂದು ಷರಾ ಬರೆಯುತ್ತಿದ್ದರೇನೋ!

ಆ ವಿದ್ಯಾರ್ಥಿವೇತನದಲ್ಲಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಹಣ ಬಂದದ್ದು ಪುಣೆಗೆ ಹೊರಡುವ ಮುನ್ನ. ಓದು ಮುಗಿಸಿ ಬಾ, ರಸೀದಿ ತೋರಿಸು, ಆಮೇಲೆ ನೋಡೋಣ ಎಂದು ರಂಗಾಚಾರ್ಲು ಅವರ ಸರ್ಕಾರ ಹೇಳಿದ್ದರೆ ಆ ಹುಡುಗ ಎಲ್ಲಾದರೂ ಗುಮಾಸ್ತನಾಗಿ ಸೇರಿಕೊಳ್ಳುತ್ತಿದ್ದನು. ವಿದ್ಯಾರ್ಥಿವೇತನಗಳ ಇತಿಹಾಸವನ್ನು ಓದುತ್ತ ಹೋದಂತೆ ನನಗೆ ಮನದಟ್ಟಾದದ್ದು ಇದೇ. ಮೊತ್ತ ಎಷ್ಟು ಎಂಬುದರಷ್ಟೇ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚಾಗಿ, ಅದು ಯಾವ ದಿನ ಕೈಗೆ ಬಂತು ಎಂಬುದು ವಿದ್ಯಾರ್ಥಿಯ ಭವಿಷ್ಯವನ್ನು ತೀರ್ಮಾನಿಸಿದೆ.

ವಿದ್ಯಾರ್ಥಿಯ ಊಟ-ವಸತಿಯ ಹೊಣೆಯನ್ನು ಮೊದಲೇ ಹೊತ್ತುಕೊಳ್ಳುವ ಈ ಕ್ರಮ ನಮ್ಮ ನಾಡಿಗೆ ಇಂಗ್ಲಿಷರಿಂದ ಬಂದದ್ದೇನೂ ಅಲ್ಲ. ಬೀದರಿನಲ್ಲಿ ಬಹಮನಿ ರಾಜ್ಯದ ವಜೀರ ಖ್ವಾಜಾ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮೂರು ಅಂತಸ್ತಿನ ಮದರಸಾ ಇಂದಿಗೂ ನಿಂತಿದೆ. ಸುಮಾರು ಮೂರು ಸಾವಿರ ಗ್ರಂಥಗಳ ಭಂಡಾರ, ಉಪನ್ಯಾಸದ ಸಭಾಂಗಣಗಳು, ಉಸ್ತಾದರಿಗೂ ವಿದ್ಯಾರ್ಥಿಗಳಿಗೂ ವಾಸದ ಕೋಣೆಗಳು ಅಲ್ಲಿದ್ದವು. ಓದಲು ಬಂದವರಿಗೆ ಊಟ-ವಸತಿ ಉಚಿತ. ಧರ್ಮಶಾಸ್ತ್ರದ ಜೊತೆಗೆ ಗಣಿತ, ಖಗೋಳದಂಥ ವಿಷಯಗಳನ್ನೂ ಕಲಿಸುತ್ತಿದ್ದರು. ಗವಾನರು ಸುಳ್ಳು ಆರೋಪಕ್ಕೆ ಗುರಿಯಾಗಿ 1481ರಲ್ಲಿ ಮರಣದಂಡನೆಗೆ ಒಳಗಾದರು. ಅವರು ಕಟ್ಟಿಸಿದ ವಿದ್ಯಾಲಯ ಅವರ ನಂತರವೂ ಇನ್ನೂರು ವರ್ಷಗಳ ಕಾಲ ಉಳಿಯಿತು.

ಆಧುನಿಕ ಕಾಲಕ್ಕೆ ಬಂದರೆ, ಬೆಂಗಳೂರಿನ ಉತ್ತರ ಭಾಗದಲ್ಲಿ ವಾಸಿಸುವ ನಾವು ದಿನವೂ ಹಾದುಹೋಗುವ ಒಂದು ಆವರಣದಿಂದಲೇ ಆರಂಭಿಸಬಹುದು. ಆರ್.ಟಿ. ನಗರದಿಂದ ಹೊರಟು, ಸ್ವಾತಂತ್ರ್ಯ ಹೋರಾಟಗಾರ ಇನಾಯತುಲ್ಲಾ ಮೇಖ್ರಿ ಅವರ ಹೆಸರಿನ ವೃತ್ತವನ್ನು ದಾಟಿ ಯಶವಂತಪುರದ ಕಡೆ ತಿರುಗಿದರೆ ಮರಗಳ ಸಾಲಿನ ಹಿಂದೆ ಭಾರತೀಯ ವಿಜ್ಞಾನ ಸಂಸ್ಥೆ ಕಾಣಿಸುತ್ತದೆ. ಹಳಬರ ಬಾಯಲ್ಲಿ ಇದು ಇಂದಿಗೂ 'ಟಾಟಾ ಇನ್‌ಸ್ಟಿಟ್ಯೂಟ್'. ಜೆಮ್‌ಶೆಟ್‌ಜಿ ಟಾಟಾ ಅವರು ತಮ್ಮ ಆಸ್ತಿಯ ದೊಡ್ಡ ಪಾಲನ್ನು ಇದಕ್ಕೆ ಮೀಸಲಿಟ್ಟರು. ಮೈಸೂರು ಸಂಸ್ಥಾನ 371 ಎಕರೆ ಜಮೀನು ಕೊಟ್ಟಿತು. 1909ರಲ್ಲಿ ಸಂಸ್ಥೆ ಸ್ಥಾಪನೆಯಾಯಿತು, 1911ರಲ್ಲಿ ಮೊದಲ ವಿದ್ಯಾರ್ಥಿಗಳು ಸೇರಿದರು. ರಸಾಯನಶಾಸ್ತ್ರದ ಜೊತೆಗೆ ಮೊದಲಿಗೇ ಆರಂಭವಾದ ವಿಭಾಗ ಎಲೆಕ್ಟ್ರಿಕಲ್ ಟೆಕ್ನಾಲಜಿ. ಜೆಮ್‌ಶೆಟ್‌ಜಿಯವರು ತೀರಿಕೊಂಡದ್ದು 1904ರಲ್ಲಿ. ತಾವು ಹಣ ಕೊಟ್ಟ ಸಂಸ್ಥೆಯ ಒಂದು ಇಟ್ಟಿಗೆಯನ್ನೂ ಅವರು ನೋಡಲಿಲ್ಲ.

ಅದೇ ಟಾಟಾ ಅವರು ಇದಕ್ಕೂ ಮುನ್ನ, 1892ರಲ್ಲಿ, ಉನ್ನತ ವ್ಯಾಸಂಗಕ್ಕೆ ವಿದೇಶಕ್ಕೆ ಹೋಗುವವರಿಗಾಗಿ ಒಂದು ನಿಧಿ ಸ್ಥಾಪಿಸಿದ್ದರು. ಅದರ ಕ್ರಮ ಸರಳ. ವಿದ್ಯಾರ್ಥಿಗೆ ಕೊಡುವುದು ದಾನವಲ್ಲ, ಸಾಲ. ಓದಿ ದುಡಿಯಲಾರಂಭಿಸಿದ ಮೇಲೆ ಅವನು ಹಿಂದಿರುಗಿಸಿದ ಹಣದಿಂದ ಮುಂದಿನವನು ಹೋಗುತ್ತಾನೆ. ಮೊದಲು ಪಾರ್ಸಿಗಳಿಗೆ ಮಾತ್ರ ಇದ್ದ ಈ ನಿಧಿ ಎರಡೇ ವರ್ಷಗಳಲ್ಲಿ ಎಲ್ಲ ಭಾರತೀಯರಿಗೂ ತೆರೆದುಕೊಂಡಿತು. ತುಮಕೂರಿನಲ್ಲಿ ಹುಟ್ಟಿದ ಅಣುವಿಜ್ಞಾನಿ ಡಾ. ರಾಜಾ ರಾಮಣ್ಣ, ರಾಷ್ಟ್ರಪತಿಗಳಾಗಿದ್ದ ಕೆ.ಆರ್. ನಾರಾಯಣನ್ ಈ ನಿಧಿಯಿಂದಲೇ ಲಂಡನ್ನಿಗೆ ಓದಲು ಹೋದವರು. ಸಮುದಾಯವೊಂದು ತನ್ನವರಿಗಾಗಿ ಕೂಡಿಟ್ಟ ಹಣ ಇಡೀ ದೇಶಕ್ಕೆ ಒದಗಿದ ಈ ಉದಾಹರಣೆಯನ್ನು ನಮ್ಮ ಸಂಘ-ಸಂಸ್ಥೆಗಳು ವಿಶೇಷವಾಗಿ ಗಮನಿಸಬೇಕು.

ಇದೇ ಸಂಸ್ಥೆಯ ಎಲೆಕ್ಟ್ರಿಕಲ್ ಕಮ್ಯುನಿಕೇಷನ್ ಇಂಜಿನಿಯರಿಂಗ್ ವಿಭಾಗದಲ್ಲಿ ಪ್ರಾಧ್ಯಾಪಕಿಯಾಗಿದ್ದ ಡಾ. ರಾಜೇಶ್ವರಿ ಚಟರ್ಜಿ ಅವರ ಕಥೆಯನ್ನು ನಮ್ಮ ಹೆಣ್ಣುಮಕ್ಕಳು ಅವಶ್ಯವಾಗಿ ತಿಳಿಯಬೇಕು. ಅವರು ಹುಟ್ಟಿದ್ದು 1922ರಲ್ಲಿ. ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರೆಯರಲ್ಲಿ ಒಬ್ಬರು. ರಾಜೇಶ್ವರಿಯವರು ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ಪದವಿಯಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಬಹುಮಾನವನ್ನೂ ಸ್ನಾತಕೋತ್ತರ ಪದವಿಯಲ್ಲಿ ಮತ್ತೆರಡು ಬಹುಮಾನಗಳನ್ನೂ ಪಡೆದರು. ಸರ್ ಸಿ.ವಿ. ರಾಮನ್ ಅವರ ಬಳಿ ಸಂಶೋಧನೆ ಮಾಡಬಯಸಿದಾಗ, ಭೌತಶಾಸ್ತ್ರದ ಪದವಿ ಇಲ್ಲವೆಂಬ ಕಾರಣಕ್ಕೆ ಅದು ಕೂಡಿಬರಲಿಲ್ಲ. ವಿಜ್ಞಾನ ಸಂಸ್ಥೆಯ ವಿದ್ಯುನ್ಮಾನದ ಕಡೆ ಹೊರಳಿಕೊಂಡರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಪ್ರತಿಭಾವಂತರನ್ನು ವಿದೇಶಕ್ಕೆ ಕಳುಹಿಸುವ ಸರ್ಕಾರಿ ಯೋಜನೆಯಲ್ಲಿ ಆಯ್ಕೆಯಾಗಿ, ಹಡಗಿನಲ್ಲಿ ತಿಂಗಳ ಕಾಲ ಪ್ರಯಾಣ ಮಾಡಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯ ಸೇರಿದರು. ಸರ್ಕಾರದ ಒಪ್ಪಂದದಂತೆ ನಡುವೆ ವಾಷಿಂಗ್ಟನ್ನಿನಲ್ಲಿ ತರಬೇತಿಗೆ ಹೋಗಬೇಕಾಯಿತು. ಓದು ಅಲ್ಲಿಗೇ ನಿಲ್ಲಬಹುದಿತ್ತು. ಆಗ 1949ರಲ್ಲಿ ಕೈಹಿಡಿದದ್ದು ಏಷ್ಯಾದ ಮಹಿಳೆಯರಿಗೆಂದೇ ಮಿಷಿಗನ್ನಿನಲ್ಲಿದ್ದ ಬಾರ್ಬರ್ ಸ್ಕಾಲರ್‌ಶಿಪ್. 1953ರಲ್ಲಿ ಪಿಎಚ್.ಡಿ. ಮುಗಿಸಿ ಬಂದು ಇಲ್ಲೇ ಅಧ್ಯಾಪಕಿಯಾದರು. ಬಹುಮಾನ, ಸರ್ಕಾರಿ ವೇತನ, ಮತ್ತೊಂದು ದೇಶದ ದಾನಿಯ ನಿಧಿ ಹೀಗೆ ಒಂದರ ಕೈಯಿಂದ ಇನ್ನೊಂದರ ಕೈಗೆ ಅವರ ಓದು ದಾಟುತ್ತ ಹೋಯಿತು. ಒಂದೇ ಸ್ಕಾಲರ್‌ಶಿಪ್ ನಂಬಿ ಕುಳಿತವರಿಗೆ ಇಲ್ಲಿ ಪಾಠವಿದೆ.

ಮೈಸೂರು ಸಂಸ್ಥಾನದಲ್ಲಿ ಮುಸ್ಲಿಮರ ಪರಿಸ್ಥಿತಿ ಹೇಗಿತ್ತು? 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು ನೇಮಿಸಿದ ಸರ್ ಲೆಸ್ಲಿ ಮಿಲ್ಲರ್ ಸಮಿತಿಯಲ್ಲಿ ಜನಾಬ್ ಗುಲಾಂ ಅಹಮದ್ ಕಲಾಮಿ ಅವರೂ ಸದಸ್ಯರಾಗಿದ್ದರು. 1919ರ ಅದರ ವರದಿ ಮುಸ್ಲಿಮರನ್ನೂ ಒಳಗೊಂಡು ಬ್ರಾಹ್ಮಣೇತರ ಸಮುದಾಯಗಳನ್ನು ಹಿಂದುಳಿದವೆಂದು ಪರಿಗಣಿಸಿ, ಸರ್ಕಾರಿ ನೌಕರಿಯಲ್ಲಿ ಪಾಲು ನಿಗದಿ ಮಾಡುವುದರ ಜೊತೆಗೆ ವಿದ್ಯಾರ್ಥಿವೇತನಗಳಿಗೂ ಒತ್ತು ಕೊಟ್ಟಿತು. ನೌಕರಿಯ ಪಾಲಿನ ವಿಷಯ ಎಲ್ಲರಿಗೂ ನೆನಪಿದೆ, ವಿದ್ಯಾರ್ಥಿವೇತನದ ವಿಷಯ ಮರೆತುಹೋಗಿದೆ. ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಈ ನೀತಿಯನ್ನು ಒಪ್ಪದೆ 1918ರಲ್ಲೇ ರಾಜೀನಾಮೆ ಕೊಟ್ಟರು. ಸರ್ಕಾರದ ಹಣದಿಂದ ಓದಿ ಬಂದವರಿಗೆ ಹೀಗೇಕೆ ಅನಿಸಿತು ಎಂಬ ಪ್ರಶ್ನೆ ಏಳುವುದು ಸಹಜ; ಅರ್ಹತೆಗೆ ಸಹಾಯ ಬೇರೆ, ಪಾಲು ಬೇರೆ ಎಂಬುದು ಅವರ ನಿಲುವಾಗಿತ್ತು. ಆದರೆ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜನ್ನು 1917ರಲ್ಲಿ ಆರಂಭಿಸಿದವರೂ ಅವರೇ ಎಂಬುದನ್ನು ಮರೆಯುವಂತಿಲ್ಲ. ಅದುವರೆಗೆ ಮೈಸೂರಿನ ಹುಡುಗರು ತಾವು ಹೋದಂತೆ ಪುಣೆಗೋ ಮದರಾಸಿಗೋ ಹೋಗಬೇಕಿತ್ತು. ಮನೆಯ ಊಟ ತಿಂದು ಓದಬಹುದಾದ ಕಾಲೇಜು ಊರಿನಲ್ಲಿರುವುದೂ ಒಂದು ವಿದ್ಯಾರ್ಥಿವೇತನವೇ ಸರಿ.

ಇನ್ನು ನಮ್ಮೆಲ್ಲರಿಗೂ ಗೊತ್ತಿರುವ, ಆದರೆ ಅರ್ಧವೇ ಗೊತ್ತಿರುವ ಒಂದು ಪ್ರಸಂಗ. ರಾಮೇಶ್ವರದ ದೋಣಿಯವರ ಮಗ ಎ.ಪಿ.ಜೆ. ಅಬ್ದುಲ್ ಕಲಾಂ ಅವರಿಗೆ 1950ರ ದಶಕದಲ್ಲಿ ಮದರಾಸಿನ ಎಂ.ಐ.ಟಿ.ಯಲ್ಲಿ ಸೀಟು ಸಿಕ್ಕಿತು. ಸೇರಲು ಬೇಕಾದದ್ದು ಸುಮಾರು ಒಂದು ಸಾವಿರ ರೂಪಾಯಿ. ಅಷ್ಟು ಹಣ ತಂದೆಯ ಬಳಿ ಇರಲಿಲ್ಲ. ಅಕ್ಕ ಜೋಹ್ರಾ ತಮ್ಮ ಚಿನ್ನದ ಬಳೆಗಳನ್ನೂ ಸರವನ್ನೂ ಅಡವಿಟ್ಟು ಹಣ ತಂದುಕೊಟ್ಟರು. ಇಷ್ಟು ಕಥೆಯನ್ನು ಎಲ್ಲ ಸಭೆಗಳಲ್ಲೂ ಹೇಳುತ್ತಾರೆ. ಮುಂದಿನದನ್ನು ಹೇಳುವುದಿಲ್ಲ. ಆ ಬಳೆಗಳನ್ನು ತನ್ನ ದುಡಿಮೆಯಿಂದಲೇ ಬಿಡಿಸಿಕೊಡಬೇಕೆಂದು ಹುಡುಗ ನಿರ್ಧರಿಸಿದ. ಅದಕ್ಕೆ ಇದ್ದ ದಾರಿ ಚೆನ್ನಾಗಿ ಓದಿ ಸ್ಕಾಲರ್‌ಶಿಪ್ ಪಡೆಯುವುದೊಂದೇ. ಪಡೆದದ್ದೂ ಆಯಿತು. ಕೊನೆಯಲ್ಲಿ ವಿಮಾನ ವಿನ್ಯಾಸದ ಕೆಲಸ ಹಿಂದೆ ಬಿದ್ದಾಗ ಪ್ರೊ. ಶ್ರೀನಿವಾಸನ್ ಅವರು, ಮೂರು ದಿನಗಳಲ್ಲಿ ನಕ್ಷೆ ಮುಗಿಯದಿದ್ದರೆ ಸ್ಕಾಲರ್‌ಶಿಪ್ ನಿಲ್ಲುತ್ತದೆ ಎಂದು ಎಚ್ಚರಿಸಿದರು. ಕಲಾಂ ಅವರು ಊಟ ನಿದ್ದೆ ಬಿಟ್ಟು ಕುಳಿತು ಮುಗಿಸಿದರು. ಅಲ್ಲಿಂದ ಬೆಂಗಳೂರಿನ ಎಚ್.ಎ.ಎಲ್.ಗೆ ತರಬೇತಿಗೆ ಬಂದರು. ನಂತರ ಇದೇ ಊರಿನ ರಕ್ಷಣಾ ಪ್ರಯೋಗಾಲಯದಲ್ಲಿ 'ನಂದಿ' ಎಂಬ ಹೋವರ್‌ಕ್ರಾಫ್ಟನ್ನು ರೂಪಿಸಿದರು.

ಈ ಕಥೆಯಲ್ಲಿ ಸ್ಕಾಲರ್‌ಶಿಪ್ ಇತ್ತು. ಆದರೆ ಅದು ಬಂದದ್ದು ಸೇರಿದ ಮೇಲೆ. ಸೇರುವ ದಿನಕ್ಕೆ ಒದಗಿದ್ದು ಅಕ್ಕನ ಬಳೆ. ಇಂದಿಗೂ ನಮ್ಮ ಮನೆಗಳಲ್ಲಿ ಕಾಲೇಜಿನ ಮೊದಲ ಕಂತು ಬರುವುದು ಹೆಚ್ಚಾಗಿ ಅಲ್ಲಿಂದಲೇ.

ಈ ಅಂತರವನ್ನು ತುಂಬಲು ಸಮುದಾಯ ಏನು ಮಾಡಿತು? ಅಲಿಗಢದ ಕಾಲೇಜಿನಲ್ಲಿ 1890ರ ಸುಮಾರಿಗೆ ಸಾಹೇಬ್‌ಜಾದಾ ಅಫ್ತಾಬ್ ಅಹ್ಮದ್ ಖಾನ್ ಅವರು 'ಅಂಜುಮನ್ ಅಲ್ ಫರ್ಜ್' ಎಂಬ ಸಂಘ ಕಟ್ಟಿದರು. ರಜೆಯಲ್ಲಿ ವಿದ್ಯಾರ್ಥಿಗಳೇ ಊರೂರು ತಿರುಗಿ ಚಂದಾ ಎತ್ತಿ ಬಡ ಸಹಪಾಠಿಗಳ ಫೀಸು ಕಟ್ಟುತ್ತಿದ್ದರು. ನಮ್ಮ ಬೆಂಗಳೂರಿನಲ್ಲಿ ಮರ್ಹೂಮ್ ಡಾ. ಮುಮ್ತಾಜ್ ಅಹ್ಮದ್ ಖಾನ್ ಅವರು 1966ರಲ್ಲಿ ಅಲ್ ಅಮೀನ್ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. 2021ರಲ್ಲಿ ಅವರು ನಮ್ಮನ್ನಗಲಿದರು. 1980ರಲ್ಲಿ ರಾಮನಗರದ ಘೌಸಿಯಾ, ಭಟ್ಕಳದ ಅಂಜುಮನ್, ಗುಲ್ಬರ್ಗದ ಖಾಜಾ ಬಂದೇನವಾಜ್ ಇಂಜಿನಿಯರಿಂಗ್ ಕಾಲೇಜುಗಳು ಹುಟ್ಟಿದವು. 1997ರಲ್ಲಿ ನಮ್ಮ ನೆರೆಯ ನಾಗವಾರದಲ್ಲೇ ಎಚ್.ಕೆ.ಬಿ.ಕೆ. ಕಾಲೇಜು ಬಂತು. ಇವು ದೊಡ್ಡ ಸಾಧನೆಗಳು. ಆದರೂ ಒಂದು ಮಾತು ಹೇಳಲೇಬೇಕು. ನಮ್ಮ ದಾನಿಗಳು ಕಟ್ಟಡಕ್ಕೆ ಕೊಟ್ಟಷ್ಟು ಧಾರಾಳವಾಗಿ ಅದರೊಳಗೆ ಕೂರುವ ವಿದ್ಯಾರ್ಥಿಗೆ ಕೊಟ್ಟಿಲ್ಲ. ಕಟ್ಟಡದ ಗೋಡೆಗೆ ಹೆಸರಿನ ಕಲ್ಲು ಹಾಕಬಹುದು, ವಿದ್ಯಾರ್ಥಿಯ ಹಣೆಗೆ ಹಾಕಲಾಗುವುದಿಲ್ಲವಲ್ಲ!

ಜೆದ್ದಾದ ಇಸ್ಲಾಮಿಕ್ ಡೆವಲಪ್‌ಮೆಂಟ್ ಬ್ಯಾಂಕ್ 1983ರಲ್ಲಿ ಆರಂಭಿಸಿದ ವಿದ್ಯಾರ್ಥಿವೇತನದ ಕ್ರಮ ಇಲ್ಲಿ ಸ್ಮರಣೀಯ. ಸದಸ್ಯ ರಾಷ್ಟ್ರಗಳಲ್ಲದ ಭಾರತದಂಥ ದೇಶಗಳ ಮುಸ್ಲಿಂ ವಿದ್ಯಾರ್ಥಿಗಳಿಗೆ ವೈದ್ಯಕೀಯ, ಇಂಜಿನಿಯರಿಂಗ್ ಮುಂತಾದ ವ್ಯಾಸಂಗಕ್ಕೆ ಅದು ನೆರವು ಕೊಟ್ಟಿತು. ವಿದ್ಯಾರ್ಥಿಯ ಪಾಲಿಗೆ ಅದು ಬಡ್ಡಿಯಿಲ್ಲದ ಸಾಲ, ಅಂದರೆ ಕರ್ಜೆ ಹಸನಾ. ಸಮುದಾಯದ ಪಾಲಿಗೆ ಅದು ದಾನ. ನೌಕರಿ ಹಿಡಿದ ಮೇಲೆ ವಿದ್ಯಾರ್ಥಿ ಹಿಂದಿರುಗಿಸುವ ಹಣ ಜೆದ್ದಾಗೆ ಹೋಗದೆ ಇಲ್ಲಿನ ಟ್ರಸ್ಟಿನಲ್ಲೇ ಉಳಿದು ಮುಂದಿನ ವಿದ್ಯಾರ್ಥಿಗೆ ಸಲ್ಲಬೇಕು. ಟಾಟಾ ಅವರ 1892ರ ಉಪಾಯವೂ ಇದೂ ಹೆಚ್ಚುಕಡಿಮೆ ಒಂದೇ. ಬಡ್ಡಿಯ ಕಾರಣಕ್ಕೆ ಬ್ಯಾಂಕಿನ ಶಿಕ್ಷಣ ಸಾಲಕ್ಕೆ ಹಿಂಜರಿಯುವ ಮನೆಗಳು ನಮ್ಮಲ್ಲಿ ಅನೇಕ. ಅಂಥವರಿಗೆ ಇದಕ್ಕಿಂತ ಒಪ್ಪುವ ದಾರಿ ಬೇರೊಂದಿಲ್ಲ. ಆದರೆ ಈ ಚಕ್ರ ತಿರುಗಬೇಕಾದರೆ ಪಡೆದವನು ಹಿಂದಿರುಗಿಸಬೇಕು. ಎಷ್ಟೋ ಸಣ್ಣ ನಿಧಿಗಳು ಬತ್ತಿಹೋದದ್ದು ದಾನಿಗಳ ಕೊರತೆಯಿಂದಲ್ಲ, ಓದಿ ಮುಗಿಸಿದವರ ಮರೆವಿನಿಂದ.

ಈ ನಡುವೆ ಫೀಸಿನ ಸ್ವರೂಪವೇ ಬದಲಾಗಿತ್ತು. ಖಾಸಗಿ ಕಾಲೇಜುಗಳು ಹೆಚ್ಚಿದಂತೆ ಡೊನೇಷನ್ ಹಾವಳಿಯೂ ಹೆಚ್ಚಿ, ಕರ್ನಾಟಕ ಸರ್ಕಾರ 1984ರಲ್ಲಿ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯಿದೆ ತಂದಿತು. 1989ರ ಅಧಿಸೂಚನೆಯ ಪ್ರಕಾರ ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂ., ಉಳಿದ ಕನ್ನಡಿಗರಿಗೆ 25,000, ಹೊರರಾಜ್ಯದವರಿಗೆ 60,000. ಇದನ್ನು ಪ್ರಶ್ನಿಸಿದ ತುಮಕೂರಿನ ಕಾಲೇಜೊಂದರ ಪ್ರಕರಣವೇ 1992ರ ಪ್ರಸಿದ್ಧ ಮೋಹಿನಿ ಜೈನ್ ತೀರ್ಪು. ಮರುವರ್ಷ ಉನ್ನಿಕೃಷ್ಣನ್ ತೀರ್ಪು ಬಂದು ಉಚಿತ ಸೀಟು, ಪೇಮೆಂಟ್ ಸೀಟು ಎಂಬ ಭಾಗ ಆಯಿತು. ನಂತರ ಸಿ.ಇ.ಟಿ. ಬಂತು. ಬಡ ಮನೆಯ ಹುಡುಗ ರ‍್ಯಾಂಕಿನ ಬಲದಿಂದ ಇಂಜಿನಿಯರಿಂಗ್ ಸೀಟು ಪಡೆಯುವ ದಾರಿ ತೆರೆಯಿತು. ಆದರೆ ಸೀಟು ಸಿಕ್ಕ ವಾರದೊಳಗೆ ಫೀಸು ಕಟ್ಟಬೇಕು ಎಂಬ ನಿಯಮ ಹಾಗೆಯೇ ಉಳಿಯಿತು. 1986ರಲ್ಲಿ ಸ್ಥಾಪನೆಯಾದ ರಾಜ್ಯ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲ ಯೋಜನೆ ಈ ಗಂಟನ್ನು ಬಿಚ್ಚುವ ಪ್ರಯತ್ನ ಮಾಡಿತು. ಬಡ್ಡಿಯ ಬದಲು ಅತ್ಯಲ್ಪ ಸೇವಾಶುಲ್ಕ ಪಡೆದು ಸಿ.ಇ.ಟಿ. ವಿದ್ಯಾರ್ಥಿಗಳ ಶುಲ್ಕಕ್ಕೆ ಸಾಲ ಕೊಡುವುದು ಅದರ ತಿರುಳು. ಕೊರತೆಗಳಿದ್ದರೂ ಸಮಸ್ಯೆ ಎಲ್ಲಿದೆ ಎಂಬುದನ್ನು ಸರಿಯಾಗಿ ಗುರುತಿಸಿದ ಯೋಜನೆ ಅದು.

2006ರ ಸಾಚಾರ್ ವರದಿಯ ನಂತರ ಕೇಂದ್ರ ಸರ್ಕಾರ 2007-08ರಿಂದ ಅಲ್ಪಸಂಖ್ಯಾತರಿಗೆ ಮೆರಿಟ್-ಕಮ್-ಮೀನ್ಸ್ ವಿದ್ಯಾರ್ಥಿವೇತನ ಆರಂಭಿಸಿತು. ತಾಂತ್ರಿಕ ಮತ್ತು ವೃತ್ತಿಪರ ಪದವಿ, ಸ್ನಾತಕೋತ್ತರ ಪದವಿ ಎರಡಕ್ಕೂ ಅನ್ವಯ. ವರ್ಷಕ್ಕೆ 20,000 ರೂ. ಶುಲ್ಕ, ಹಾಸ್ಟೆಲ್ಲಿನಲ್ಲಿರುವವರಿಗೆ 10,000, ಮನೆಯಿಂದ ಹೋಗುವವರಿಗೆ 5,000; ಶೇ. 30 ಹೆಣ್ಣುಮಕ್ಕಳಿಗೆ ಮೀಸಲು. ಸಾವಿರಾರು ಮನೆಗಳಿಗೆ ಇದು ವರವಾಯಿತು. ಆದರೆ ಅರ್ಜಿ ಹಾಕಿ, ಕಾಲೇಜಿನ ಪರಿಶೀಲನೆ ಮುಗಿದು, ಹಣ ಖಾತೆಗೆ ಬೀಳುವಷ್ಟರಲ್ಲಿ ಆ ವರ್ಷದ ಪರೀಕ್ಷೆಯೇ ಮುಗಿದಿರುವುದು ಸಾಮಾನ್ಯವಾಗಿತ್ತು. ಅದು ಫೀಸು ಕಟ್ಟಲಿಲ್ಲ, ಫೀಸಿಗಾಗಿ ಮಾಡಿದ ಸಾಲವನ್ನು ತೀರಿಸಿತು. ಸಂಶೋಧಕರಿಗೆ 2009ರಲ್ಲಿ ಮೌಲಾನಾ ಆಜಾದ್ ಫೆಲೋಷಿಪ್ ಬಂತು. ವಿದೇಶ ವ್ಯಾಸಂಗದ ಸಾಲದ ಬಡ್ಡಿಗೆ 'ಪಢೋ ಪರ್ದೇಶ್' ಬಂತು. ಇವೆರಡನ್ನೂ 2022-23ರಲ್ಲಿ ನಿಲ್ಲಿಸಲಾಯಿತು. ಬೇರೆ ಯೋಜನೆಗಳ ಜೊತೆ ಒಂದರ ಮೇಲೊಂದು ಬೀಳುತ್ತವೆ ಎಂಬುದು ಸರ್ಕಾರ ಕೊಟ್ಟ ಕಾರಣ. ಮೆರಿಟ್-ಕಮ್-ಮೀನ್ಸ್ ಯೋಜನೆಗೆ 2022-23ರ ಬಜೆಟ್ಟಿನಲ್ಲಿ 365 ಕೋಟಿ ರೂ. ಇದ್ದದ್ದು ಮರುವರ್ಷ 44 ಕೋಟಿಗೆ ಇಳಿಯಿತು. ನ್ಯಾಯವಾಗಿ ಇನ್ನೊಂದು ಸಂಗತಿಯನ್ನೂ ದಾಖಲಿಸಬೇಕು: ಅಲ್ಪಸಂಖ್ಯಾತರ ವಿದ್ಯಾರ್ಥಿವೇತನ ಪಡೆದ ಸಂಸ್ಥೆಗಳ ಪೈಕಿ ಪರಿಶೀಲನೆಗೆ ಒಳಪಟ್ಟ 1,572ರಲ್ಲಿ 830 ನಕಲಿ ಎಂದು ಕಂಡುಬಂದು 2023ರಲ್ಲಿ ಸಿ.ಬಿ.ಐ. ತನಿಖೆ ಆರಂಭವಾಯಿತು. ನಕಲಿಗಳು ಬಾಚಿಕೊಂಡದ್ದು ನಿಜವಾದ ವಿದ್ಯಾರ್ಥಿಗಳ ಅನ್ನವನ್ನು. ಅವರ ತಪ್ಪಿಗೆ ದಂಡ ತೆತ್ತವರೂ ಈ ವಿದ್ಯಾರ್ಥಿಗಳೇ.

ಹಾಗಾದರೆ ಇಂದು ಬಿ.ಇ. ಮುಗಿಸಿ ಮುಂದೆ ಓದಬಯಸುವ ಆರ್.ಟಿ. ನಗರದ, ಯಲಹಂಕದ ವಿದ್ಯಾರ್ಥಿಗೆ ಏನು ಉಳಿದಿದೆ? ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಒಳ್ಳೆಯದೇ ಉಳಿದಿದೆ, ಆದರೆ ನಮ್ಮ ಸಭೆಗಳಲ್ಲಿ ಅದರ ಹೆಸರೇ ಕೇಳಿಬರುವುದಿಲ್ಲ. ಅದು 'ಗೇಟ್' ಪರೀಕ್ಷೆ. ವಿಜ್ಞಾನ ಸಂಸ್ಥೆ ಮತ್ತು ಐ.ಐ.ಟಿ.ಗಳು ಸೇರಿ 1980ರ ದಶಕದಿಂದ ನಡೆಸುತ್ತಿರುವ ಈ ಪರೀಕ್ಷೆಯಲ್ಲಿ ಅರ್ಹತೆ ಪಡೆದು, ಎ.ಐ.ಸಿ.ಟಿ.ಇ. ಮಾನ್ಯತೆಯ ಕಾಲೇಜಿನಲ್ಲಿ ಎಂ.ಟೆಕ್. ಸೇರಿದರೆ ತಿಂಗಳಿಗೆ 12,400 ರೂ. ವಿದ್ಯಾರ್ಥಿವೇತನ. ಇಪ್ಪತ್ತನಾಲ್ಕು ತಿಂಗಳಿಗೆ ಒಟ್ಟು 2,97,600 ರೂ. ವಾರಕ್ಕೆ ಎಂಟು-ಹತ್ತು ಗಂಟೆ ಬೋಧನೆ ಅಥವಾ ಪ್ರಯೋಗಾಲಯದ ಕೆಲಸದಲ್ಲಿ ನೆರವಾಗಬೇಕು. ಜಾತಿ ಪ್ರಮಾಣಪತ್ರ ಇಲ್ಲದಿದ್ದರೂ ಸಾಮಾನ್ಯ ವರ್ಗದಲ್ಲಿ ಸಿಗುತ್ತದೆ; ತಂದೆಯ ಆದಾಯವನ್ನು ಯಾರೂ ಕೇಳುವುದಿಲ್ಲ. ಪಿಎಚ್.ಡಿ.ಗೆ ಹೋಗುವವರ ಜೆ.ಆರ್.ಎಫ್. ಮೊತ್ತ 2023ರಲ್ಲಿ ತಿಂಗಳಿಗೆ 37,000 ರೂ.ಗೆ ಏರಿತು. 2018ರಲ್ಲಿ ಆರಂಭವಾದ ಪ್ರಧಾನಮಂತ್ರಿ ರಿಸರ್ಚ್ ಫೆಲೋಷಿಪ್ 70,000 ರೂ.ಗಳಿಂದ ಶುರುವಾಯಿತು. ಅಲ್ಪಸಂಖ್ಯಾತರಿಗೆಂದು ಇದ್ದ ಯೋಜನೆ ನಿಂತಾಗ ನಾವು ದುಃಖಿಸಿದ್ದು ಸರಿಯೇ. ಆದರೆ ಎಲ್ಲರಿಗೆಂದು ಇರುವ ಹಣದಲ್ಲಿ ನಮ್ಮ ಮಕ್ಕಳು ಪಾಲು ಕೇಳದೆ ಇದ್ದದ್ದಕ್ಕೆ ಯಾರನ್ನು ದೂರೋಣ?

ಇಲ್ಲೂ ಹಳೆಯ ತೊಡಕು ಇದ್ದೇ ಇದೆ. ಎಂ.ಟೆಕ್. ಸೇರುವ ದಿನ ಕಾಲೇಜಿನ ಶುಲ್ಕ ಕಟ್ಟಬೇಕು, ಮೊದಲ ತಿಂಗಳ ವೇತನ ಖಾತೆಗೆ ಬರಲು ಕೆಲವೊಮ್ಮೆ ಸೆಮಿಸ್ಟರೇ ಕಳೆಯುತ್ತದೆ. ಆ ನಾಲ್ಕೈದು ತಿಂಗಳ ಮಟ್ಟಿಗೆ ಕರ್ಜೆ ಹಸನಾ ಕೊಡಬಲ್ಲ ಒಂದು ಸಣ್ಣ ನಿಧಿ ಪ್ರತಿ ಸಂಘದಲ್ಲೂ ಇದ್ದರೆ ಸಾಕು. ಹಣ ಬಂದೊಡನೆ ಹಿಂದಿರುಗುತ್ತದೆ, ಅದೇ ಹಣ ವರ್ಷಕ್ಕೆ ಇಬ್ಬರಿಗೆ ಒದಗುತ್ತದೆ. ಕಟ್ಟಡ ಕಟ್ಟಲು ಬೇಕಾಗುವ ಮೊತ್ತದ ನೂರನೆಯ ಒಂದು ಪಾಲೂ ಇದಕ್ಕೆ ಬೇಡ.

ವಿದ್ಯಾರ್ಥಿಗಳ ತಿಳಿವಳಿಕೆಗಾಗಿ: ಗೇಟ್ ನೋಂದಣಿ ಸಾಮಾನ್ಯವಾಗಿ ಆಗಸ್ಟ್-ಸೆಪ್ಟೆಂಬರಿನಲ್ಲಿ, ಪರೀಕ್ಷೆ ಫೆಬ್ರವರಿಯಲ್ಲಿ. ಮೂರನೆಯ ವರ್ಷದ ಬಿ.ಇ. ವಿದ್ಯಾರ್ಥಿಗಳೂ ಈಗ ಬರೆಯಬಹುದು. ಪಡೆದ ಅಂಕ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಆಧಾರ್, ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲೂ ಹೆಸರಿನ ಅಕ್ಷರಗಳು ಒಂದೇ ರೀತಿ ಇರುವಂತೆ ಈಗಲೇ ಸರಿಪಡಿಸಿಕೊಳ್ಳಿ. ಒಂದರಲ್ಲಿ 'ಮೊಹಮ್ಮದ್', ಇನ್ನೊಂದರಲ್ಲಿ 'ಮಹಮದ್', ಮತ್ತೊಂದರಲ್ಲಿ ಬರೀ 'ಎಂ.ಡಿ.' ಎಂದಿದ್ದರೆ ಮಂಜೂರಾದ ಹಣವೂ ದಾರಿಯಲ್ಲೇ ನಿಂತುಬಿಡುತ್ತದೆ.